ಅಮರಿಲ್ಲಿಸ್ ಕಾಯಿ ಬಿರಿಯಿತು

ಬೆಂಗಳೂರು, ಭಾನುವಾರ, ಮೇ 11, 2025

ಏಪ್ರಿಲ್ 6ಕ್ಕೆ ಪರಾಗ ಮುಟ್ಟಿಸಿದ್ದ ಹೂವಿನ ಕಾಯಿ ಇವತ್ತು ಬೆಳಿಗ್ಗೆ ತುದಿಯಲ್ಲಿ ಬಿರಿದಿದೆ. ಲೆಕ್ಕಕ್ಕೆ 35ನೇ ದಿನ. ಮೂರು ಅಂಕಣದ ಕಾಯಿ. ಒಳಗೆ ಕಪ್ಪು ಬೀಜಗಳು ಇಸ್ಪೀಟು ಎಲೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು. ಸಂಜೆವರೆಗೆ ಬಿಟ್ಟಿದ್ದರೆ ಅರ್ಧ ಗಾಳಿಯ ಪಾಲು.

ನರ್ಸರಿಯವರು ಅಮರಿಲ್ಲಿಸ್ ಅನ್ನುವ ಈ ಗಡ್ಡೆ ಅಸಲಿಗೆ ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಮ್. ಅಮರಿಲ್ಲಿಸ್ ಎಂಬ ಹೆಸರು ದಕ್ಷಿಣ ಆಫ್ರಿಕಾದ ಗಡ್ಡೆಗೇ ಸಲ್ಲಬೇಕೆಂದು ಸಸ್ಯಶಾಸ್ತ್ರಜ್ಞರು 1987ರಲ್ಲಿ ತೀರ್ಮಾನಿಸಿದ್ದಾರೆ. ಹೆಸರಿನ ಜಗಳ ನಮಗೇಕೆ ಅಂದರೆ, ಆಫ್ರಿಕಾದ್ದರ ಬೀಜ ಮುತ್ತಿನಂತೆ ಗುಂಡಗೆ, ರಸಭರಿತ. ಅದಕ್ಕೆ ಹೇಳಿದ ಕ್ರಮ ಈ ಕಾಗದದಂಥ ಬೀಜಕ್ಕೆ ಹೊಂದುವುದಿಲ್ಲ.

ಮೊದಲು ಜಳ್ಳು ಬೇರ್ಪಡಿಸಬೇಕು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದರೆ ಗಟ್ಟಿಬೀಜದ ನಡುವೆ ಒಂದು ಉಬ್ಬು ಕಾಣುತ್ತದೆ. ಜಳ್ಳು ಬರೀ ಹಾಳೆ. ಜಳ್ಳನ್ನೂ ಸೇರಿಸಿ ನೀರಿಗೆ ಹಾಕಿದರೆ ಅದಕ್ಕೆ ಬೂಷ್ಟು ಹಿಡಿದು ಪಕ್ಕದ್ದನ್ನೂ ಕೆಡಿಸುತ್ತದೆ. ಗಟ್ಟಿಯಾದವನ್ನು ಅಗಲ ಬಟ್ಟಲಿನ ನೀರಿನ ಮೇಲೆ ತೇಲಿಬಿಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು. ಹತ್ತರಿಂದ ಹದಿನೈದು ದಿನಕ್ಕೆ ಬೇರು ಇಣುಕುತ್ತದೆ. ಬೇರು ಎರಡು ಸೆಂಟಿಮೀಟರ್ ಆದಾಗ ಸಮಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು, ಹಳೇ ಎಲೆಗೊಬ್ಬರದ ಮಿಶ್ರಣಕ್ಕೆ. ಬೀಜ ಹೂತುಹೋಗಬಾರದು, ಬೇರು ಮಾತ್ರ ಒಳಗೆ. ಕೋಕೋಪೀಟನ್ನು ಎರಡು ಸಲ ತೊಳೆದೇ ಬಳಸಿ, ಉಪ್ಪಿನಂಶ ಉಳಿದರೆ ಬೇರಿನ ತುದಿ ಸುಡುತ್ತದೆ.

ಬೀಜವನ್ನು ಪೊಟ್ಟಣ ಕಟ್ಟಿ ಬೀರುವಿನಲ್ಲಿಟ್ಟು ಮುಂದಿನ ವರ್ಷ ಹಾಕೋಣ ಅಂದರೆ ಮೊಳೆಯುವುದು ಕಡಿಮೆ. ತಾಜಾ ಇರುವಾಗಲೇ ಬಿತ್ತಬೇಕು.

ದೊಡ್ಡ ತಪ್ಪು ಆಗುವುದು ಆಮೇಲೆ. ದೊಡ್ಡ ಗಡ್ಡೆಗೆ ನೀರು ನಿಲ್ಲಿಸಿ ಒಣಗಿಸುವ ರೂಢಿಯನ್ನು ಸಸಿಗೂ ಹಚ್ಚುತ್ತಾರೆ. ಗಡ್ಡೆಯ ಒಂದೊಂದು ಪದರವೂ ಎಲೆಯ ಬುಡವೇ. ಎಲೆ ಒಣಗಿಸಿದರೆ ಗಡ್ಡೆ ಬೆಳೆಯುವುದಾದರೂ ಹೇಗೆ? ಮೊದಲ ಎರಡು ವರ್ಷ ನೀರು ತಪ್ಪಿಸಬೇಡಿ. ಹದಿನೈದು ದಿನಕ್ಕೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರ, ಲೀಟರಿಗೆ ಒಂದು ಗ್ರಾಂ ಸಾಕು. ಹಾಗೆ ನೋಡಿಕೊಂಡರೆ ಸುಮಾರು ಮೂರನೇ ವರ್ಷಕ್ಕೆ ಹೂ. ನೀರು ಎಲೆಯ ಮೇಲೆ ನಿಂತರೆ ಕೆಂಪು ಮಚ್ಚೆಯ ಶಿಲೀಂಧ್ರ ರೋಗ ಹರಡುತ್ತದೆ, ಬುಡಕ್ಕೇ ಹಾಕಿ.

ಪರಾಗದ ವಿಷಯ. ಯಾವುದಕ್ಕೆ ಯಾವುದು ಅಂತ ಖಚಿತ ಬೇಕಿದ್ದರೆ ಮೊಗ್ಗು ಅರೆಬಿರಿದಾಗಲೇ ಆರೂ ಕೇಸರ ಕಿತ್ತು, ಹೂವಿನ ನಡುವಿನ ಹೆಣ್ಣು ದಂಡು, ಅಂದರೆ ಶಲಾಕೆಯ ತುದಿಗೆ ಫಾಯಿಲಿನ ಚಿಕ್ಕ ಟೊಪ್ಪಿ ಹಾಕಬೇಕು. ಸೂರಕ್ಕಿ, ಜೇನು ಎರಡೂ ನಮಗಿಂತ ಮುಂಚೆ ಏಳುತ್ತವೆ! ತುದಿ ಮೂರಾಗಿ ಸೀಳಿದಾಗ ಟೊಪ್ಪಿ ತೆಗೆದು ಪರಾಗ ಸವರಿ, ಮತ್ತೆ ಮುಚ್ಚುವುದು. ಚೀಟಿ ಬರೆಯಲು ಪೆನ್ಸಿಲ್ಲೇ ವಾಸಿ, ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ.

ಹಕ್ಕಿಗಳಿಂದ ಉಪಕಾರವೂ ಉಂಟು, ಉಪದ್ರವವೂ ಉಂಟು. ಸಿಂಪಿಗ ಎಲೆ ಎಲೆ ತಡಕಿ ಹುಳ ಹೆಕ್ಕುತ್ತದೆ. ಆದರೆ ಲಿಲ್ಲಿ, ಅಮರಿಲ್ಲಿಸ್ ತಿನ್ನುವ ಕಪ್ಪು-ಬಿಳಿ ಪಟ್ಟೆಯ ಕಂಬಳಿಹುಳಕ್ಕೆ ಹಕ್ಕಿಯನ್ನು ನಂಬಿ ಕೂರಬೇಡಿ. ಈ ಗಿಡದ ವಿಷ ತಿಂದೇ ಬೆಳೆದ ಹುಳ ಅದು. ಮರಿಯಿದ್ದಾಗ ಎಲೆಯ ಒಳಗೇ ಕೊರೆದು, ಕೊನೆಗೆ ಗಡ್ಡೆಗೆ ಇಳಿಯುತ್ತದೆ. ಎಲೆಯಡಿ ಮೊಟ್ಟೆಯ ಗುಂಪು ಕಂಡ ಕೂಡಲೇ ಉಜ್ಜಿ ತೆಗೆಯುವುದು, ಹುಳವಾಗಿದ್ದರೆ ಸಾಬೂನು ನೀರಿನ ಡಬ್ಬಿಗೆ. ಹೂವಿದ್ದಾಗ ಕೀಟನಾಶಕ ಬೇಡವೇ ಬೇಡ, ಸೂರಕ್ಕಿ ಮಕರಂದಕ್ಕೆ ಬರುತ್ತದೆ.

ಹರಟೆಮಲ್ಲಗಳ ಹಿಂಡು ಮಾತ್ರ ಹುಳ ಹುಡುಕಿ ಕುಂಡ ಕೆದರಿ ಸಸಿ ಮಗುಚುತ್ತವೆ. ಟ್ರೇ ಮೇಲೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಹಾಕಿ. ಬಲೆಬಟ್ಟೆ ಬೇಡ, ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ. ಹಕ್ಕಿಗಳ ನೀರಿಗೆ ಎರಡಿಂಚು ಆಳದ ಒರಟು ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು. ದಿನಾ ಚೆಲ್ಲಿ ಉಜ್ಜಿ ತುಂಬದಿದ್ದರೆ ಸೊಳ್ಳೆಮರಿ.

ಸಂಜೆ: 62 ಗಟ್ಟಿಬೀಜ ನೀರಿಗೆ. ಕುಂಡದ ಸ್ಟ್ಯಾಂಡಿನ ಮೂಲೆಯ ಜೇಡರಬಲೆ ಗುಡಿಸಿಲ್ಲ. ಹೆಣ್ಣು ಸೂರಕ್ಕಿ ಗೂಡಿಗೆಂದು ಅದನ್ನೇ ಎಳೆ ಎಳೆಯಾಗಿ ಕೊಂಡೊಯ್ಯುತ್ತಿದೆ.