ಅತಿ ಹೆಚ್ಚು ಸಿನಿಮಾ ತಯಾರಿಸುವ ದೇಶ ಯಾವುದು?

ಸಿನಿಮಾದ ಬಗ್ಗೆ ಬರೆಯುವವನೆಂದು ತಿಳಿದ ಕೂಡಲೇ ಬಹುತೇಕರು ನನ್ನನ್ನು ಕೇಳುವ ಪ್ರಶ್ನೆ ಇದು. ಹಾಲಿವುಡ್ ಎಂಬ ಉತ್ತರವನ್ನು ಅವರೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಸಂಖ್ಯೆಯ ಲೆಕ್ಕದಲ್ಲಿ ಆ ಸ್ಥಾನ ಭಾರತದ್ದು. ಯುನೆಸ್ಕೊ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 2006ರಲ್ಲಿ ಭಾರತದಲ್ಲಿ 1,091, ನೈಜೀರಿಯಾದಲ್ಲಿ 872, ಅಮೆರಿಕದಲ್ಲಿ 485 ಕಥಾಚಿತ್ರಗಳು ತಯಾರಾದವು. ಆದರೆ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ನಮ್ಮಲ್ಲಿ ಎಣಿಸುವುದು ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಗಳನ್ನು, ಅವುಗಳಲ್ಲಿ ಎಷ್ಟೋ ಡಬ್ಬದಿಂದ ಹೊರಬರುವುದೇ ಇಲ್ಲ. ನೈಜೀರಿಯಾದವು ಮನೆಯ ಟಿ.ವಿ.ಯಲ್ಲಿ ನೋಡಲೆಂದು ವಿಡಿಯೊದಲ್ಲಿ ತೆಗೆದಂಥವು.

ಹಾಗಾಗಿ ಚಿತ್ರಗಳು ಎಷ್ಟು ಎನ್ನುವುದಕ್ಕಿಂತ ಮೊದಲ ದುಡ್ಡು ಹಾಕುವವರು ಯಾರು ಎಂಬುದನ್ನೇ ನಾನು ನೋಡುತ್ತೇನೆ. ನೈಜೀರಿಯಾದಲ್ಲಿ ದುಡ್ಡು ಹಾಕಿದವರು ಕ್ಯಾಸೆಟ್ ವ್ಯಾಪಾರಿಗಳು. 1992ರಲ್ಲಿ ಕೆನೆತ್ ನೆಬುಯೆ ಎಂಬ ವ್ಯಾಪಾರಿ ಇಗ್ಬೊ ಭಾಷೆಯಲ್ಲಿ ‘ಲಿವಿಂಗ್ ಇನ್ ಬಾಂಡೇಜ್’ ತಯಾರಿಸಿ ಕ್ಯಾಸೆಟ್‌ನಲ್ಲೇ ಮಾರಿದ. ಖಾಲಿ ಕ್ಯಾಸೆಟ್‌ಗಿಂತ ಕಥೆ ತುಂಬಿದ ಕ್ಯಾಸೆಟ್ ಚೆನ್ನಾಗಿ ಖರ್ಚಾಗುತ್ತದೆ ಎಂಬುದು ಅವನ ಲೆಕ್ಕಾಚಾರವಾಗಿತ್ತೆಂದು ಹೇಳುತ್ತಾರೆ. ನಕಲಿ ಪ್ರತಿಗಳು ಮಾರುಕಟ್ಟೆಗೆ ಬರುವುದರೊಳಗೆ ಅಸಲು ಎತ್ತಿಕೊಂಡು ಮುಂದಿನ ಚಿತ್ರಕ್ಕೆ ಕೈಹಾಕಬೇಕಾದ ಧಾವಂತ ಎಲ್ಲರಿಗೂ ಇದ್ದುದರಿಂದ ಚಿತ್ರಗಳ ಸಂಖ್ಯೆ ಆ ಪರಿ ಬೆಳೆಯಿತು.

ಫ್ರಾನ್ಸಿನ ದಾರಿ ಬೇರೆ. ಅಲ್ಲಿ ಮಾರಾಟವಾಗುವ ಪ್ರತಿ ಟಿಕೆಟ್ಟಿನ ದರದಲ್ಲಿ ಶೇ 10.72ರಷ್ಟು, 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಸಲ್ಲುತ್ತದೆ. ಪ್ರೇಕ್ಷಕ ನೋಡಿದ್ದು ಹಾಲಿವುಡ್ ಚಿತ್ರವಾದರೂ ಅವನ ದುಡ್ಡಿನ ಒಂದು ಪಾಲು ಫ್ರೆಂಚ್ ಚಿತ್ರಗಳ ನಿಧಿಗೆ ಹೋಗುತ್ತದೆ. ಎದುರಾಳಿಯ ಗಳಿಕೆಯಿಂದಲೇ ತಮ್ಮವರನ್ನು ಸಾಕುವ ಈ ಜಾಣತನ ನನಗೆ ಬಹಳ ಹಿಡಿಸಿದೆ. ದಕ್ಷಿಣ ಕೊರಿಯಾ ನೆಚ್ಚಿಕೊಂಡಿದ್ದು ಮೀಸಲಾತಿಯನ್ನು: ಚಿತ್ರಮಂದಿರಗಳು ದೇಶೀಯ ಚಿತ್ರಗಳಿಗೆ ವರ್ಷಕ್ಕೆ 146 ದಿನ ಕೊಡಬೇಕೆಂಬ ನಿಯಮವಿತ್ತು, ಅಮೆರಿಕದೊಂದಿಗಿನ ವ್ಯಾಪಾರ ಮಾತುಕತೆಯ ಒತ್ತಡಕ್ಕೆ 2006ರಲ್ಲಿ ಅದು 73ಕ್ಕೆ ಇಳಿಯಿತು.

ಭಾರತದಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನ ಘೋಷಣೆಯಾದದ್ದೇ 1998ರಲ್ಲಿ. ಅಲ್ಲಿಯವರೆಗೆ ಬ್ಯಾಂಕುಗಳು ನಿರ್ಮಾಪಕರನ್ನು ಹತ್ತಿರ ಸೇರಿಸುತ್ತಿದ್ದುದು ಅಪರೂಪ. ಗಾಂಧಿನಗರದ ಎಷ್ಟೋ ನಿರ್ಮಾಪಕರು ಇಂದಿಗೂ ಖಾಸಗಿ ಫೈನಾನ್ಸ್‌ನ ಬಡ್ಡಿಗೇ ತಲೆಯೊಡ್ಡುತ್ತಾರೆ. ಫ್ರಾನ್ಸಿನಲ್ಲಿ ಚಿತ್ರಕಥೆಯನ್ನು ಮೆಚ್ಚಿ ಚಿತ್ರೀಕರಣಕ್ಕೆ ಮೊದಲೇ ಮುಂಗಡ ಕೊಡುವ ಏರ್ಪಾಡಿದೆ. ಕರ್ನಾಟಕ ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕುವುದು ಚಿತ್ರ ಮುಗಿದು ಸೆನ್ಸಾರ್ ಆದ ಮೇಲೆ, ಆ ಹೊತ್ತಿಗಾಗಲೇ ಬಡ್ಡಿ ಓಡತೊಡಗಿರುತ್ತದೆ.