ಸ್ಪೈವೇರ್ ಹೊಕ್ಕ ಕಂಪ್ಯೂಟರ್: ಮೊದಲು ಖಾತೆ, ಆಮೇಲೆ ಸ್ಕ್ಯಾನ್

ಕಂಪ್ಯೂಟರಿಗೆ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂ) ಹೊಕ್ಕಿದೆ ಎಂಬ ಅನುಮಾನ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ: ಆಂಟಿವೈರಸ್ ತೆರೆದು ಸ್ಕ್ಯಾನ್ ಹಾಕುವುದು. ಅದು ನಾಲ್ಕಾರು ಫೈಲ್ ಹಿಡಿದು ಅಳಿಸುತ್ತದೆ, ಹಸಿರು ಟಿಕ್ ಬರುತ್ತದೆ, ಎಲ್ಲ ಮುಗಿಯಿತು ಅನ್ನಿಸುತ್ತದೆ. ಆದರೆ ಸ್ಪೈವೇರ್ ಕದ್ದದ್ದು ನಿಮ್ಮ ಕಂಪ್ಯೂಟರಿನಲ್ಲಿ ಕೂತಿರುವುದಿಲ್ಲ, ಆಗಲೇ ಇನ್ಯಾರದೋ ಸರ್ವರ್ ಸೇರಿರುತ್ತದೆ. ಫೈಲ್ ಅಳಿಸಿದರೆ ಮುಂದಿನ ಕಳ್ಳತನ ನಿಂತೀತು, ಹೋದ ಪಾಸ್‌ವರ್ಡ್ ವಾಪಸ್ ಬಾರದು. ಹಾಗಾಗಿ ಇಲ್ಲಿ ಯಾವ ಟೂಲ್ ಬಳಸಿದಿರಿ ಎನ್ನುವುದಕ್ಕಿಂತ ಯಾವ ಕೆಲಸ ಮೊದಲು ಮಾಡಿದಿರಿ ಎನ್ನುವುದೇ ದೊಡ್ಡದು. ಮುಂದೆ ಬರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು.

ಒಳಗೆ ಬರುವ ದಾರಿಗಳಲ್ಲಿ ಹಳೆಯದು, ಇಂದಿಗೂ ಚೆನ್ನಾಗಿ ನಡೆಯುತ್ತಿರುವುದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆಯೂ ಜೊತೆಗೇ ಬರುತ್ತದೆ. ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿಟ್ಟಿರುತ್ತಾರೆ. ಗೌಪ್ಯತೆಗಾಗಿ ಅಲ್ಲ, ಡೌನ್‌ಲೋಡ್ ಆಗುವಾಗ ಬ್ರೌಸರ್ ಅದರ ಒಳಗೆ ಇಣುಕಬಾರದು ಅಂತ. ಸರ್ಚ್ ಫಲಿತಾಂಶಗಳ ಮೇಲ್ತುದಿಯಲ್ಲಿ ಬರುವ ಜಾಹೀರಾತುಗಳು ಇನ್ನೊಂದು ದಾರಿ. ಹೆಸರುವಾಸಿ ಉಚಿತ ಸಾಫ್ಟ್‌ವೇರ್ ಹುಡುಕಿದರೆ, ಅದರದೇ ಲೋಗೋ ಹಾಕಿದ ನಕಲಿ ಸೈಟ್ ಅಸಲಿಗಿಂತ ಮೇಲೆ ಕಾಣಿಸಬಹುದು. ಇಮೇಲ್ ಅಟ್ಯಾಚ್‌ಮೆಂಟ್ ದಾರಿಯೂ ಮುಚ್ಚಿಲ್ಲ. ಇಂಟರ್‌ನೆಟ್‌ನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳನ್ನು (ಫೈಲಿನೊಳಗೇ ಇದ್ದು ಓಡುವ ಸಣ್ಣ ಪ್ರೋಗ್ರಾಂಗಳು) ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯತೊಡಗಿದ ಮೇಲೆ ಕಳಿಸುವವರು ಐಎಸ್‌ಒ ಫೈಲ್ (ಡಿಸ್ಕಿನ ಇಡೀ ನಕಲು), ಶಾರ್ಟ್‌ಕಟ್ ಫೈಲುಗಳತ್ತ ಹೊರಳಿದರು, ಅಷ್ಟೇ.

ಈಚೆಗೆ ಅತಿ ಹೆಚ್ಚು ಜನ ಬೀಳುತ್ತಿರುವ ಬಲೆ ಬೇರೆಯೇ ಇದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಪುಟ ತೆರೆಯುತ್ತದೆ, ‘ನೀವು ರೋಬೋಟ್ ಅಲ್ಲವೆಂದು ದೃಢಪಡಿಸಿ’ ಎಂಬ ಚೌಕ ಬರುತ್ತದೆ. ಕ್ಲಿಕ್ ಮಾಡಿದರೆ ಮೂರು ಸೂಚನೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೀವು ಆ ಚೌಕ ಕ್ಲಿಕ್ ಮಾಡಿದ ಕ್ಷಣದಲ್ಲೇ ಪುಟವು ಒಂದು ಪವರ್‌ಶೆಲ್ (ಬರೆದ ಆದೇಶಗಳನ್ನು ಓಡಿಸುವ ವಿಂಡೋಸ್‌ನ ಸಾಧನ) ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ಹಾಕಿರುತ್ತದೆ. ವಿಂಡೋಸ್ ಕೀ, ಆರ್ ಒತ್ತಿದಾಗ ರನ್ ಬಾಕ್ಸ್ ತೆರೆಯುತ್ತದೆ, ಆ ಕಮಾಂಡ್ ಪೇಸ್ಟ್ ಆಗುತ್ತದೆ, ಎಂಟರ್ ಒತ್ತಿದರೆ ಓಡುತ್ತದೆ. ರನ್ ಬಾಕ್ಸ್ ಚಿಕ್ಕದು, ಅದರಲ್ಲಿ ಕಾಣುವುದು ಕಮಾಂಡಿನ ಬಾಲ ಮಾತ್ರ. ಆ ಬಾಲದಲ್ಲಿ ‘ನಾನು ರೋಬೋಟ್ ಅಲ್ಲ, ಪರಿಶೀಲನಾ ಸಂಖ್ಯೆ ಇಷ್ಟು’ ಎಂಬ ಮುಗ್ಧ ಸಾಲನ್ನು ಬರೆದಿರುತ್ತಾರೆ. ಯಾವ ಅಸಲಿ ಕ್ಯಾಪ್ಚಾ ಕೂಡ ನಿಮ್ಮನ್ನು ಬ್ರೌಸರಿನ ಹೊರಗೆ ಹೋಗಿ ಏನನ್ನೂ ಪೇಸ್ಟ್ ಮಾಡಲು ಹೇಳುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರಿಗೂ ಇದೊಂದನ್ನು ದಯವಿಟ್ಟು ಹೇಳಿ.

ಬಹಳ ಜನರಿಗೆ ಒಂದು ತಪ್ಪು ನಂಬಿಕೆ ಇದೆ: ‘ಅನುಮತಿ ಕೊಡಬೇಕೇ ಎಂದು ವಿಂಡೋಸ್ ಕೇಳಲೇ ಇಲ್ಲ, ಹಾಗಾಗಿ ಏನೂ ಆಗಿರಲಾರದು’. ಪಾಸ್‌ವರ್ಡ್ ಕದಿಯಲು ಅಡ್ಮಿನ್ ಹಕ್ಕು (ಇಡೀ ಕಂಪ್ಯೂಟರನ್ನು ಬದಲಿಸುವ ಅಧಿಕಾರ) ಬೇಕಿಲ್ಲ. ಬ್ರೌಸರ್ ಪಾಸ್‌ವರ್ಡುಗಳನ್ನು ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತದೆ, ನಿಜ. ಆದರೆ ಅದರ ಕೀಲಿ ನಿಮ್ಮ ವಿಂಡೋಸ್ ಲಾಗಿನ್‌ಗೆ ಅಂಟಿಕೊಂಡಿದೆ, ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಕೇಳಿದರೆ ವಿಂಡೋಸ್ ಬಿಚ್ಚಿಕೊಡುತ್ತದೆ. ಈ ತೂತು ಮುಚ್ಚಲು ಕ್ರೋಮ್ 2024ರಲ್ಲಿ, 127ನೇ ಆವೃತ್ತಿಯಿಂದ, ಇನ್ನೊಂದು ಪದರ ಸೇರಿಸಿತು. ಕದಿಯುವವರು ಹೆಚ್ಚು ತಡಮಾಡದೆ ಅದನ್ನೂ ದಾಟಿದರು. ರೆಡ್‌ಲೈನ್, ಲುಮಾ ಮುಂತಾದ ಈ ಜಾತಿಯ ಸ್ಪೈವೇರುಗಳು ಓಡುವುದು ಸ್ವಲ್ಪವೇ ಹೊತ್ತು. ಪಾಸ್‌ವರ್ಡ್, ಕುಕೀ, ಕ್ರಿಪ್ಟೋ ವಾಲೆಟ್, ಡೆಸ್ಕ್‌ಟಾಪ್‌ನಲ್ಲಿರುವ ಟೆಕ್ಸ್ಟ್ ಫೈಲುಗಳನ್ನು ಕಟ್ಟಿ ಕಳಿಸುತ್ತವೆ, ಎಷ್ಟೋ ಸಲ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಕಂಪ್ಯೂಟರ್ ನಿಧಾನವಾಗುವುದಿಲ್ಲ, ಫ್ಯಾನ್ ಜೋರಾಗುವುದಿಲ್ಲ. ಸ್ಕ್ಯಾನ್ ಮಾಡಿದರೆ ಏನೂ ಸಿಗದಿರಬಹುದು. ‘ಏನೂ ಸಿಗಲಿಲ್ಲ’ ಎಂದರೆ ‘ಏನೂ ಹೋಗಿಲ್ಲ’ ಎಂದು ಅರ್ಥವಲ್ಲ.

ಆದ್ದರಿಂದ ಮೊದಲ ಹೆಜ್ಜೆ: ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತಿಡಿ. ಆಮೇಲೆ ಆ ಕಂಪ್ಯೂಟರನ್ನು ಅಲ್ಲಿಗೇ ಬಿಟ್ಟು ಬೇರೆ ಸಾಧನ ತೆಗೆದುಕೊಳ್ಳಿ, ಫೋನ್ ಆದರೂ ಸಾಕು. ಇಮೇಲ್ ಖಾತೆಯಿಂದ ಶುರುಮಾಡಿ, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ರೀಸೆಟ್ ಆಗುವುದು ಅದರ ಮೂಲಕವೇ. ಪಾಸ್‌ವರ್ಡ್ ಬದಲಿಸಿದರೆ ಮಾತ್ರ ಸಾಲದು. ಕದ್ದ ಕುಕೀ ಎಂದರೆ ಆಗಲೇ ಲಾಗಿನ್ ಆಗಿರುವ ಸೆಷನ್. ಅದನ್ನು ತಮ್ಮ ಬ್ರೌಸರಿಗೆ ಹಾಕಿಕೊಂಡವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನು ಹುಡುಕಿ ಒತ್ತಲೇಬೇಕು. ಜೊತೆಗೆ ರಿಕವರಿ ಇಮೇಲ್, ರಿಕವರಿ ಫೋನ್ ನಂಬರ್ ನಿಮ್ಮವೇ ಇವೆಯೇ ನೋಡಿ. ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್ ತೆರೆದು, ಬ್ಯಾಂಕಿನಿಂದ ಬಂದ ಮೇಲ್ ನೇರ ಟ್ರ್ಯಾಶಿಗೆ ಹೋಗುವಂತೆ ಯಾರಾದರೂ ನಿಯಮ ಬರೆದಿದ್ದಾರೆಯೇ ಪರೀಕ್ಷಿಸಿ. ಇದನ್ನು ನೋಡದೆ ಬಿಟ್ಟವರೇ ಎರಡನೇ ಸಲ ಮೋಸಹೋಗುವುದು. ಮುಂದೆ ಬ್ಯಾಂಕ್, ಅದಾದ ಮೇಲೆ ಬ್ರೌಸರಿನಲ್ಲಿ ಉಳಿಸಿದ್ದ ಪ್ರತಿಯೊಂದು ಪಾಸ್‌ವರ್ಡ್. ಕ್ರಿಪ್ಟೋ ವಾಲೆಟ್ ಇದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ವಾಲೆಟನ್ನು ತೆರೆಯುವ ಮೂಲ ಪದಗಳ ಸಾಲಾದ ಸೀಡ್ ಫ್ರೇಸೇ ಹೋಗಿರಬಹುದು. ಶುದ್ಧ ಸಾಧನದಲ್ಲಿ ಹೊಸ ವಾಲೆಟ್ ತೆರೆದು ಹಣವನ್ನು ಅಲ್ಲಿಗೆ ಸಾಗಿಸಬೇಕು.

ಈಗ ಕಂಪ್ಯೂಟರಿನ ಕಡೆ ಬನ್ನಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗಿನ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿರುವ ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ. ಅಡ್ಮಿನ್ ಹಕ್ಕು ಸಿಕ್ಕ ಸ್ಪೈವೇರ್ ತನ್ನ ಫೋಲ್ಡರನ್ನೋ, ಇಡೀ ಸಿ ಡ್ರೈವನ್ನೋ ಇಲ್ಲಿ ಸೇರಿಸಿಬಿಡುತ್ತದೆ. ಆ ಪಟ್ಟಿಯಲ್ಲಿದ್ದ ಜಾಗವನ್ನು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಮುಟ್ಟುವುದಿಲ್ಲ, ನೀವು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ಅಪಾಯವಿಲ್ಲ’ ಎಂದೇ ಹೇಳುತ್ತದೆ. ನೀವು ಸೇರಿಸದ ಹೆಸರುಗಳನ್ನೆಲ್ಲ ತೆಗೆಯಿರಿ. ಆಮೇಲೆ ಸ್ವಲ್ಪ ಹೊತ್ತು ಇಂಟರ್‌ನೆಟ್ ಜೋಡಿಸಿ ಡಿಫೆಂಡರ್ ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಸ್ಕ್ಯಾನ್ ನಡೆಯುತ್ತದೆ. ಸ್ಪೈವೇರ್ ಓಡದೆ ಇರುವಾಗ ಹಿಡಿಯುವುದರಿಂದ ಅದಕ್ಕೆ ಬಚ್ಚಿಟ್ಟುಕೊಳ್ಳಲು ಅವಕಾಶ ಕಡಿಮೆ. ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಇದ್ದರೆ ರಿಕವರಿ ಕೀ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಸ್ಕ್ಯಾನರ್ ಓಡಿಸಬಹುದು. ಸದಾ ಕಾವಲಿರುವ ಆಂಟಿವೈರಸ್‌ಗಳನ್ನು ಎರಡೆರಡು ಹಾಕಿಕೊಳ್ಳಬೇಡಿ, ಒಂದೇ ಫೈಲಿಗಾಗಿ ಕಿತ್ತಾಡಿ ಕಂಪ್ಯೂಟರನ್ನೇ ನಿಲ್ಲಿಸುತ್ತವೆ. ‘ಸ್ಪೈವೇರ್ ತೆಗೆಯುವ ಟೂಲ್’ ಎಂದು ಹುಡುಕಿ ಸಿಕ್ಕ ಮೊದಲ ಲಿಂಕ್‌ನಿಂದಂತೂ ಏನನ್ನೂ ಇಳಿಸಿಕೊಳ್ಳಬೇಡಿ.

ಸ್ಕ್ಯಾನರ್ ಕಣ್ಣು ತಪ್ಪಿದ್ದನ್ನು ಹಿಡಿಯಲು ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಸೈಟಿನಲ್ಲಿ ಸಿಗುವ ಆಟೋರನ್ಸ್‌ಗಿಂತ ಒಳ್ಳೆಯ ಉಚಿತ ಸಾಧನ ಇಲ್ಲ ಎಂದೇ ಹೇಳಬೇಕು. ಯಾವ ಸ್ಪೈವೇರ್ ಆದರೂ ರೀಸ್ಟಾರ್ಟ್ ಆದ ಮೇಲೂ ಬದುಕಬೇಕಾದರೆ ಎಲ್ಲೋ ಒಂದು ಕಡೆ ತನ್ನ ಹೆಸರು ಬರೆಸಬೇಕು: ರಿಜಿಸ್ಟ್ರಿಯ (ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆ) ರನ್ ಕೀ, ಸ್ಟಾರ್ಟಪ್ ಫೋಲ್ಡರ್, ಶೆಡ್ಯೂಲ್ಡ್ ಟಾಸ್ಕ್, ಸರ್ವಿಸ್, ಡಬ್ಲ್ಯುಎಂಐ (ವಿಂಡೋಸ್‌ನ ಒಳಗಿನ ನಿರ್ವಹಣಾ ವ್ಯವಸ್ಥೆ). ಆಟೋರನ್ಸ್ ಇವೆಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಅಡ್ಮಿನ್ ಆಗಿ ತೆರೆದು, ಆಪ್ಷನ್ಸ್ ಮೆನುವಿನಲ್ಲಿ ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಕೋಡ್ ಸಿಗ್ನೇಚರ್ ಪರಿಶೀಲನೆ, ವೈರಸ್‌ಟೋಟಲ್ (ಹಲವು ಆಂಟಿವೈರಸ್‌ಗಳ ಅಭಿಪ್ರಾಯ ಕೊಡುವ ಸೇವೆ) ಎರಡನ್ನೂ ಆನ್ ಮಾಡಿ. ಗುಲಾಬಿ ಬಣ್ಣದ ಸಾಲು ಎಂದರೆ ಆ ಫೈಲಿಗೆ ಪ್ರಕಾಶಕರ ಸಹಿ ಇಲ್ಲ ಅಥವಾ ಸಹಿ ಹೊಂದುತ್ತಿಲ್ಲ. ಹಳದಿ ಎಂದರೆ ಎಂಟ್ರಿ ಇದೆ, ಅದು ತೋರಿಸುವ ಫೈಲ್ ಇಲ್ಲ. ಗುಲಾಬಿಯೆಲ್ಲ ಕೆಟ್ಟದ್ದಲ್ಲ, ಸಣ್ಣ ಡೆವಲಪರುಗಳ ಒಳ್ಳೆಯ ಪ್ರೋಗ್ರಾಂಗಳೂ ಸಹಿ ಇಲ್ಲದೆ ಬರುತ್ತವೆ. ಬಣ್ಣದ ಜೊತೆಗೆ ಪಾಥ್ (ಫೈಲ್ ಇರುವ ಜಾಗ) ಓದಿ. ಆಪ್‌ಡೇಟಾ ಅಥವಾ ಪ್ರೋಗ್ರಾಂಡೇಟಾ ಒಳಗೆ, ಅರ್ಥವಿಲ್ಲದ ಅಕ್ಷರಗಳ ಹೆಸರಿನ ಫೋಲ್ಡರಿನಲ್ಲಿ ‘ಎಸ್‌ವಿಸಿಹೋಸ್ಟ್’ ಇದ್ದರೆ ಅದು ನಕಲಿಯೇ, ಅನುಮಾನ ಬೇಡ. ವಿಂಡೋಸ್‌ನದೇ ಭಾಗವಾದ ಅಸಲಿ ಎಸ್‌ವಿಸಿಹೋಸ್ಟ್ ಇರುವುದು ವಿಂಡೋಸ್ ಫೋಲ್ಡರಿನ ಸಿಸ್ಟಂ32ನಲ್ಲಿ. ಹಾಗೆಯೇ ಪವರ್‌ಶೆಲ್ ಅನ್ನು ಉದ್ದನೆಯ ಗೋಜಲು ಅಕ್ಷರಗಳ ಜೊತೆ ಓಡಿಸುವ ಟಾಸ್ಕ್ ಕಂಡರೆ, ಪವರ್‌ಶೆಲ್‌ಗೆ ಮೈಕ್ರೋಸಾಫ್ಟ್‌ನದೇ ಸಹಿ ಇದೆ ಎಂದು ಸುಮ್ಮನಿರಬೇಡಿ. ಈ ಬಗೆಯ ಸಾಲು ಮರೆಮಾಡಿದ ಎಂಟ್ರಿಗಳ ನಡುವೆ ತಪ್ಪಿಸಿಕೊಳ್ಳಬಹುದು, ಹಾಗಾಗಿ ಶೆಡ್ಯೂಲ್ಡ್ ಟಾಸ್ಕ್ ಪಟ್ಟಿಯನ್ನು ಮರೆಮಾಡದೆಯೂ ಒಮ್ಮೆ ಓದಿ. ಮೊದಲು ಟಿಕ್ ತೆಗೆಯಿರಿ, ರೀಸ್ಟಾರ್ಟ್ ಮಾಡಿ, ಎಲ್ಲ ಸರಿ ಇದ್ದರೆ ಆಮೇಲೆ ಅಳಿಸಿ. ತಪ್ಪು ಸಾಲಿನ ಟಿಕ್ ತೆಗೆದಿದ್ದರೆ ವಾಪಸ್ ಹಾಕಬಹುದು, ಅಳಿಸಿದ್ದರೆ ಹಾಗಲ್ಲ.

ಟಾಸ್ಕ್ ಮ್ಯಾನೇಜರಿನಲ್ಲಿ ಒಂದನ್ನು ಕೊಂದರೆ ತಕ್ಷಣ ಮತ್ತೆ ಹುಟ್ಟುತ್ತಿದೆಯೇ? ಎರಡು ಪ್ರೋಗ್ರಾಂಗಳು ಒಂದನ್ನೊಂದು ಕಾಯುತ್ತಿವೆ. ಸಿಸ್‌ಇಂಟರ್ನಲ್ಸ್‌ನದೇ ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಎರಡನ್ನೂ ಮೊದಲು ಸಸ್ಪೆಂಡ್ ಮಾಡಿ, ಎರಡೂ ನಿಂತ ಮೇಲೆ ಕೊಲ್ಲಿ. ನಿಂತ ಪ್ರೋಗ್ರಾಂಗೆ ಜೊತೆಗಾರ ಸತ್ತದ್ದು ತಿಳಿಯುವುದಿಲ್ಲ.

ಬ್ರೌಸರ್ ಮರೆಯಬೇಡಿ. ‘ಎಲ್ಲ ವೆಬ್‌ಸೈಟ್‌ಗಳ ಡೇಟಾ ಓದಿ, ಬದಲಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಷನ್‌ಗೆ ನೀವು ಟೈಪ್ ಮಾಡುವುದೆಲ್ಲ ಕಾಣುತ್ತದೆ. ಬೇಡದ್ದನ್ನೆಲ್ಲ ತೆಗೆಯಿರಿ. ತೆಗೆದದ್ದು ಮರಳಿ ಬಂದರೆ ಕಾರಣ ಎರಡಿರಬಹುದು: ಇನ್ನೊಂದು ಕಂಪ್ಯೂಟರಿನಿಂದ ಸಿಂಕ್ ಆಗುತ್ತಿದೆ, ಇಲ್ಲವೇ ಪಾಲಿಸಿ (ಸಂಸ್ಥೆಗಳು ಬ್ರೌಸರಿಗೆ ಹೇರುವ ನಿಯಮ) ಮೂಲಕ ಬಲವಂತವಾಗಿ ಹಾಕಲಾಗಿದೆ. ಸ್ವಂತ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದು ಬರೆದಿದ್ದರೆ ಎರಡನೆಯದು ಇರುವ ಸಾಧ್ಯತೆ ಇದೆ, ಕೆಲವು ಆಂಟಿವೈರಸ್‌ಗಳೂ ಈ ಸಾಲು ಬರಿಸುತ್ತವೆ. ರಿಜಿಸ್ಟ್ರಿಯ ಪಾಲಿಸೀಸ್ ಕೆಳಗಿರುವ ಕ್ರೋಮ್ ಕೀ ಅಳಿಸದೆ ಅಂಥ ಎಕ್ಸ್‌ಟೆನ್ಷನ್ ಹೋಗುವುದಿಲ್ಲ. ಪರದೆಯ ಬಲಮೂಲೆಯಲ್ಲಿ ಪದೇ ಪದೇ ‘ವೈರಸ್ ಸಿಕ್ಕಿದೆ’ ಎಂದು ಬರುವುದು ಹೆಚ್ಚಿನ ಪಾಲು ಸ್ಪೈವೇರೇ ಅಲ್ಲ. ಯಾವುದೋ ಸೈಟಿಗೆ ನೋಟಿಫಿಕೇಶನ್ ಅನುಮತಿ ಕೊಟ್ಟಿದ್ದೀರಿ, ಅದನ್ನು ಹಿಂತೆಗೆದರೆ ಮುಗಿಯಿತು. ವಿಂಡೋಸ್‌ನ ಪ್ರಾಕ್ಸಿ ಸೆಟ್ಟಿಂಗ್ ಮತ್ತು ಹೋಸ್ಟ್ಸ್ ಫೈಲನ್ನೂ ಒಮ್ಮೆ ನೋಡಿಬಿಡಿ, ಇವನ್ನು ಬದಲಿಸಿ ನಿಮ್ಮನ್ನು ಬೇರೆ ಸೈಟಿಗೆ ತಿರುಗಿಸಬಹುದು.

ಎಲ್ಲಿಯವರೆಗೆ ಶುಚಿ ಮಾಡುತ್ತ ಕೂರಬೇಕು? ತೆಗೆದದ್ದು ಮರಳಿ ಬಂದರೆ, ಡಿಫೆಂಡರ್ ಆನ್ ಆಗದಿದ್ದರೆ, ಅಥವಾ ಗೊತ್ತಿಲ್ಲದ ಪ್ರೋಗ್ರಾಂಗೆ ನೀವೇ ಅಡ್ಮಿನ್ ಅನುಮತಿ ಕೊಟ್ಟಿದ್ದು ನೆನಪಿದ್ದರೆ, ವಿಂಡೋಸ್ ಹೊಸದಾಗಿ ಹಾಕುವುದೇ ಸರಿ. ಅಡ್ಮಿನ್ ಹಕ್ಕು ಸಿಕ್ಕ ಮೇಲೆ ಅದು ಏನನ್ನೆಲ್ಲ ಬದಲಿಸಿದೆ ಎಂದು ಖಾತ್ರಿಯಾಗಿ ಹೇಳಲು ಆಗುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ, ಕನಿಷ್ಠ 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಇನ್‌ಸ್ಟಾಲರ್ ಬರೆಯಿರಿ. ಆ ಟೂಲ್ ಪೆನ್‌ಡ್ರೈವ್ ಖಾಲಿ ಮಾಡುತ್ತದೆ, ಅದರಲ್ಲಿ ಬೇಕಾದದ್ದೇನೂ ಇರಬಾರದು. ಡಾಕ್ಯುಮೆಂಟ್, ಫೋಟೋ, ವಿಡಿಯೋ ಮಾತ್ರ ಬೇರೆ ಡಿಸ್ಕಿಗೆ ನಕಲಿಸಿ. ಇನ್‌ಸ್ಟಾಲರ್, ಜಿಪ್, ಸ್ಕ್ರಿಪ್ಟ್, ಶಾರ್ಟ್‌ಕಟ್ ಯಾವುದನ್ನೂ ಒಯ್ಯಬೇಡಿ, ಕ್ರ್ಯಾಕ್ ಇದ್ದ ಆ ಫೋಲ್ಡರನ್ನಂತೂ ಬಿಡಲೇಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ವಿಂಡೋಸ್ ಇದ್ದ ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸಿ, ಖಾಲಿ ಜಾಗದಲ್ಲಿ ಇನ್‌ಸ್ಟಾಲ್ ಮಾಡಿ. ಬ್ಯಾಕಪ್ ಡಿಸ್ಕನ್ನು ಆಗ ಕಿತ್ತಿಟ್ಟಿರಿ, ಅವಸರದಲ್ಲಿ ಅದರ ಪಾರ್ಟಿಷನ್ನೇ ಅಳಿಸಿಹೋಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಒಪ್ಪುವುದಾದರೆ ಈ ಅವಕಾಶದಲ್ಲೇ 11 ಹಾಕಿ.

ಒಂದು ಸಂದರ್ಭದಲ್ಲಿ ಮಾತ್ರ ಈ ಕ್ರಮ ಅನುಸರಿಸಲು ಅವಸರ ಮಾಡಬೇಡಿ: ಸ್ಪೈವೇರ್ ಹಾಕಿದವರು ನಿಮ್ಮ ಜೊತೆಯಲ್ಲೇ ಇರುವವರು ಎಂಬ ಅನುಮಾನ ಇದ್ದಾಗ. ತೆಗೆದ ಕೂಡಲೇ ಅವರಿಗೆ ಗೊತ್ತಾಗುತ್ತದೆ, ಸಾಕ್ಷಿಯೂ ಅಳಿದುಹೋಗುತ್ತದೆ. ಆ ಕಂಪ್ಯೂಟರ್, ಅವರ ಕೈಗೆ ಸಿಕ್ಕಿರಬಹುದಾದ ಫೋನ್ ಎರಡನ್ನೂ ಬಿಟ್ಟು, ಬೇರೆ ಸಾಧನದಿಂದ ನಂಬಿಕಸ್ಥರ ಅಥವಾ ಕಾನೂನಿನ ಸಹಾಯ ಪಡೆದು, ನಿಮ್ಮ ಸುರಕ್ಷತೆ ಖಚಿತವಾದ ಮೇಲೆ ಮುಂದುವರಿಯಿರಿ. ಕೀಬೋರ್ಡ್ ಕೇಬಲ್ ಮತ್ತು ಯುಎಸ್‌ಬಿ ಪೋರ್ಟ್ ನಡುವೆ ಗೊತ್ತಿಲ್ಲದ ಸಣ್ಣ ತುಂಡು ಸಿಕ್ಕಿಸಿದ್ದರೆ ಅದು ಒತ್ತಿದ ಕೀಗಳನ್ನೆಲ್ಲ ದಾಖಲಿಸುವ ಹಾರ್ಡ್‌ವೇರ್ ಕೀಲಾಗರ್ ಆಗಿರಬಹುದು, ಯಾವ ಸ್ಕ್ಯಾನಿಗೂ ಅದು ಸಿಗುವುದಿಲ್ಲ.

ಕಂಪ್ಯೂಟರ್ ಶುದ್ಧವಾಯಿತು ಎಂದಾದ ಮೇಲೆ, ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಳ್ಳಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿ, ಪಿಡಿಎಫ್ ವೇಷದ ಇಎಕ್ಸ್‌ಇ ಆಗ ಕಣ್ಣಿಗೆ ಬೀಳುತ್ತದೆ. ಪಾಸ್‌ವರ್ಡುಗಳನ್ನು ಬ್ರೌಸರಿನಿಂದ ತೆಗೆದು, ಪ್ರತ್ಯೇಕ ಮಾಸ್ಟರ್ ಪಾಸ್‌ವರ್ಡ್ ಇರುವ ಮ್ಯಾನೇಜರಿಗೆ ಸಾಗಿಸಿ. ಕೊನೆಗೆ ಆಟೋರನ್ಸ್ ತೆರೆದು, ಫೈಲ್ ಮೆನುವಿನಲ್ಲಿ ಸೇವ್ ಒತ್ತಿ ಈಗಿನ ಪಟ್ಟಿಯನ್ನು ಉಳಿಸಿಡಿ. ಮುಂದೆ ಅನುಮಾನ ಬಂದಾಗ ಅದೇ ಮೆನುವಿನ ಕಂಪೇರ್ ಒತ್ತಿ ಈ ಫೈಲ್ ಆರಿಸಿದರೆ, ಆಮೇಲೆ ಹೊಸದಾಗಿ ಸೇರಿದ ಸಾಲುಗಳು ಹಸಿರು ಬಣ್ಣದಲ್ಲಿ ಕಾಣುತ್ತವೆ.