ಹನ್ನೊಂದನೇ ಉಪವಾಸದ ಸ್ಕ್ವಾಟ್

ಸಂಜೆ ಐದೂ ಇಪ್ಪತ್ತು. ಬಾರ್ ಮೇಲೆ 60 ಕೆಜಿ. ಬೇರೆ ದಿನಗಳಲ್ಲಿ ನನಗೆ ಅದು ದೊಡ್ಡ ಭಾರವೇ ಅಲ್ಲ. ಮೂರನೇ ಸೆಟ್‌ನಲ್ಲಿ ಆರನೇ ಸಲ ಕೂತು ಎದ್ದೆ ನೋಡಿ, ಎದುರಿನ ಕನ್ನಡಿಯಲ್ಲಿ ನನ್ನ ಮುಖವೇ ಕಾಣಿಸಲಿಲ್ಲ. ಕಣ್ಣಿನ ಎರಡೂ ಬದಿಯಿಂದ ಕತ್ತಲೆ ಒಳಗೆ ಬರ್ತಾ ಇತ್ತು. ಬಾರನ್ನು ಹೇಗೋ ಸ್ಟ್ಯಾಂಡಿಗೆ ತಗಲಿಸಿದೆ. ಆಮೇಲೆ ಗೊತ್ತಾದದ್ದು ಮೂಗಿನ ಪಕ್ಕದಲ್ಲೇ ಇದ್ದ ರಬ್ಬರ್ ಮ್ಯಾಟಿನ ವಾಸನೆ.

"ಎಂತ ಆಯ್ತು ಮಾರಾಯ್ರೆ?"

ಟ್ರೇನರ್ ಓಡಿ ಬಂದು ನನ್ನ ಕಾಲೆರಡನ್ನೂ ಎತ್ತಿ ಬೆಂಚಿನ ಮೇಲಿಟ್ಟ. ನೀರಿನ ಬಾಟಲಿಯ ಮುಚ್ಚಳ ತೆಗೆದು ಬಾಯಿಯ ಹತ್ತಿರ ಹಿಡಿದ. ನಾನು ಕೈ ಅಡ್ಡ ಇಟ್ಟೆ.

"ಶಮಿ ಕುಡಿಲಿಲ್ವಾ? ನೀವೂ ಕುಡೀರಿ."

ಅದು 2025ರ ಮಾರ್ಚ್ 12, ರಮಝಾನಿನ ನಮ್ಮ ಹನ್ನೊಂದನೇ ಉಪವಾಸ. ಒಂದು ವಾರದ ಹಿಂದಷ್ಟೇ, ದುಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಕ್ರಿಕೆಟಿಗ ಮೊಹಮ್ಮದ್ ಶಮಿ ಏನೋ ಕುಡಿಯುತ್ತಿದ್ದ ಫೋಟೊ ಊರೆಲ್ಲಾ ಸುತ್ತಿ ದೊಡ್ಡ ಜಗಳವೇ ಆಗಿತ್ತು.

"ಅವರು ಪ್ರಯಾಣದಲ್ಲಿದ್ದವರು, ಅವರಿಗೆ ವಿನಾಯಿತಿ ಉಂಟು. ನಾನು ಬಂದದ್ದು ಇಲ್ಲೇ ಪಕ್ಕದ ತೊಕ್ಕೊಟ್ಟಿನಿಂದ" ಅಂದೆ. ಅವನಿಗೆ ನಗು ಬರಲಿಲ್ಲ. ನನಗೂ ಒಳಗೊಳಗೆ ಹೆದರಿಕೆ ಇತ್ತು. ಜೀವಕ್ಕೆ ತೊಂದರೆ ಅನಿಸಿದರೆ ಉಪವಾಸ ಬಿಡಬಹುದು, ಇನ್ನೊಂದು ದಿನ ಹಿಡಿದು ತೀರಿಸಬಹುದು. ಧರ್ಮ ಅಷ್ಟು ಗಟ್ಟಿಯಾಗಿ ಕುತ್ತಿಗೆ ಹಿಡಿಯುವುದಿಲ್ಲ. ಇನ್ನೈದು ನಿಮಿಷದಲ್ಲಿ ತಲೆ ಸರಿಯಾಗದಿದ್ದರೆ ಆ ಬಾಟಲಿ ಪೂರ್ತಿ ಖಾಲಿ ಮಾಡುವುದು ಅಂತ ತೀರ್ಮಾನ ಮಾಡಿ ಮಲಗಿದೆ. ನಾಲ್ಕನೇ ನಿಮಿಷಕ್ಕೆ ಸೀಲಿಂಗ್ ಫ್ಯಾನಿನ ಮೂರು ರೆಕ್ಕೆ ಬೇರೆ ಬೇರೆಯಾಗಿ ಕಾಣಿಸಿತು. ಎದ್ದು ಕೂತೆ. ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಹಿಡಿದೆ.

ಇಷ್ಟಕ್ಕೂ ನನಗೆ ಈ ಹುಚ್ಚು ಹತ್ತಿಸಿದ್ದು ವಾಟ್ಸ್ಆ್ಯಪ್. ಹಕೀಮ್ ಒಲಾಜುವಾನ್ ಅಂತ ಬಾಸ್ಕೆಟ್‌ಬಾಲ್ ಆಟಗಾರ, 1995ರ ಫೆಬ್ರವರಿಯಲ್ಲಿ ಉಪವಾಸ ಹಿಡಿದುಕೊಂಡೇ ಆಡಿ ಅಮೆರಿಕದ ಎನ್‌ಬಿಎ ಲೀಗಿನ ತಿಂಗಳ ಆಟಗಾರ ಆದರು. ಅದು ನಿಜ. ಆದರೆ ಅವರು ಒಲಾಜುವಾನ್. ನಾನು ದಿನವಿಡೀ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವ, ನಲವತ್ತರ ಹತ್ತಿರ ಬಂದವ. ಹಿಂದಿನ ವರ್ಷದ ರಮಝಾನಿನಲ್ಲಿ ಮೂರು ಕೆಜಿ ಜಾಸ್ತಿ ಆಗಿದ್ದೆ. ತಿಂಗಳಿಡೀ ಹಗಲು ಹನಿ ನೀರು ಕುಡಿಯದೆ ಇದ್ದು ತೂಕ ಹೆಚ್ಚಿಸಿಕೊಂಡವನನ್ನು ನೋಡಿ ಹೆಂಡತಿ ನಕ್ಕ ನಗು ಇನ್ನೂ ಮರೆತಿಲ್ಲ. ಹಾಗಾಗಿ ಈ ಸಲ ಒಂದು ದಿನವೂ ಜಿಮ್ ತಪ್ಪಿಸುವುದಿಲ್ಲ ಅಂತ ಹಠ.

ಮನೆ ತಲುಪಿದಾಗ ಉಪವಾಸ ಮುಗಿಸುವ ಸಂಜೆಯ ಮಗ್ರಿಬ್ ಬಾಂಗಿಗೆ ಇನ್ನೂ ಮುಕ್ಕಾಲು ಗಂಟೆ. ಉಮ್ಮ, ಅಂದರೆ ನನ್ನ ತಾಯಿ, ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಒಲೆಯ ಮೇಲೆ ಮೆಂತೆ ಗಂಜಿ. ರಾತ್ರಿಯೇ ನೆನೆಸಿಟ್ಟ ಮೆಂತೆ ಅಕ್ಕಿಯ ಜೊತೆ ಬೆಂದು ಹೊಟ್ಟೆ ಒಡೆದುಕೊಂಡು ಮೆತ್ತಗಾಗಿತ್ತು. ಉಮ್ಮ ತೆಂಗಿನ ಹಾಲು ಹೊಯ್ದು, ಅದು ಕುದಿಯದ ಹಾಗೆ ಉರಿ ಸಣ್ಣ ಮಾಡಿ, ಸೌಟಿನಲ್ಲಿ ಒಂದೇ ದಿಕ್ಕಿಗೆ ತಿರುಗಿಸುತ್ತಾ ಇದ್ದರು. ನೀರುಳ್ಳಿಯನ್ನು ತುಪ್ಪದಲ್ಲಿ ಹುರಿದು ಮೇಲೆ ಸುರಿದಾಗ ಚುಂಯ್ ಅಂತ ಬಂದ ಪರಿಮಳಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಹಸಿವಿಗೋ, ನಾಚಿಕೆಗೋ, ಗೊತ್ತಿಲ್ಲ.

ಬಾಂಗ್ ಆಯಿತು. ಒಂದು ಖರ್ಜೂರ, ನೀರು, ಇನ್ನೊಂದು ಖರ್ಜೂರ. ಆಮೇಲೆ ಗಂಜಿ. ಎರಡನೇ ಲೋಟ ಮುಗಿಯುವಾಗ ಬೆರಳ ತುದಿಗೆ ಬಿಸಿ ಬಂತು. ಎದುರಿಗೆ ಸಮೋಸ, ಕಟ್ಲೆಟ್, ಚಿಕನ್ ರೋಲ್, ಬಚ್ಚಂಗಾಯಿ ಜ್ಯೂಸ್ ಎಲ್ಲಾ ಇತ್ತು. ಅವತ್ತು ಯಾವುದೂ ಬೇಡ ಅನಿಸಿತು.

ರಮಝಾನಿನ ರಾತ್ರಿಯ ನಮಾಝ್ ತರಾವೀಹ್ ಮುಗಿಸಿ ಬಂದು ಕೂತು ಹಿಂದಿನ ಸಂಜೆಯಿಂದ ಏನೇನು ಹೊಟ್ಟೆಗೆ ಹಾಕಿದ್ದೆ ಅಂತ ಬರೆದೆ. ಲೆಕ್ಕ ನನ್ನ ಕೆಲಸ ತಾನೆ? ಹಿಂದಿನ ದಿನದ ಇಫ್ತಾರಿಗೆ ಐದು ಸಮೋಸ, ಎರಡು ಲೋಟ ಸಕ್ಕರೆ ನೀರು ಅನ್ನಬಹುದಾದ ಶರಬತ್ತು. ರಾತ್ರಿ ಹನ್ನೊಂದಕ್ಕೆ ಗೆಳೆಯರ ಜೊತೆ ಬಿರಿಯಾನಿ. ಹೊಟ್ಟೆ ಭಾರ ಅಂತ ಅತ್ತಾಳಕ್ಕೆ ಏಳಲು ಮನಸ್ಸಿಲ್ಲದೆ, ಬೆಳಗಿನ ಬಾಂಗಿಗೆ ಏಳು ನಿಮಿಷ ಇರುವಾಗ ಎದ್ದು ಒಂದು ಚಾ, ಒಂದು ಬನ್ನು. ಸೊಹರಿಯನ್ನು, ಅಂದರೆ ಉಪವಾಸಕ್ಕೆ ಮೊದಲಿನ ನಸುಕಿನ ಊಟವನ್ನು, ನಾವು ಕರಾವಳಿಯ ಬ್ಯಾರಿ ಮುಸ್ಲಿಮರು ಅತ್ತಾಳ ಅನ್ನುವುದು. ನೀರು? ಇಡೀ ರಾತ್ರಿಯಲ್ಲಿ ಲೀಟರ್ ಆಗಿರಲಿಕ್ಕಿಲ್ಲ. ಮಾರ್ಚ್ ತಿಂಗಳ ಮಂಗಳೂರು ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಸುಮ್ನೆ ಕೂತರೂ ಅಂಗಿ ಬೆನ್ನಿಗೆ ಅಂಟುತ್ತದೆ. ಹನ್ನೆರಡು ಗಂಟೆ ಹಾಗೆ ಬೆವರಿ ರಕ್ತದಲ್ಲಿ ನೀರೇ ಕಮ್ಮಿಯಾದವ ಹೆಗಲ ಮೇಲೆ ಕಬ್ಬಿಣ ಹೊತ್ತು ಕೂತು ಎದ್ದರೆ ತಲೆಗೆ ರಕ್ತ ಎಲ್ಲಿಂದ ಹತ್ತಬೇಕು! ಉಪವಾಸದ್ದೇನೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಹಿಂದಿನ ರಾತ್ರಿಯದ್ದು.

ಮರುದಿನದಿಂದ ಸಂಜೆಯ ಕಬ್ಬಿಣ ಬಂದ್. ಬಾಂಗಿಗೆ ಅರ್ಧ ಗಂಟೆ ಮೊದಲು ಮನೆಯ ಹತ್ತಿರವೇ ಇಪ್ಪತ್ತು ನಿಮಿಷ ನಡಿಗೆ. ಬೆವರು ಬರುವಷ್ಟೂ ಇಲ್ಲ. ಸುಸ್ತಾದರೂ ನೀರು ದೂರ ಇಲ್ಲವಲ್ಲ ಅನ್ನುವ ಧೈರ್ಯ. ತರಾವೀಹ್ ಆದ ಮೇಲೆ ವಾರಕ್ಕೆ ಮೂರು ದಿನ ಜಿಮ್, ಮುಕ್ಕಾಲು ಗಂಟೆ. ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿದೆ. ಇರುವ ಶಕ್ತಿ ಉಳಿಸಿಕೊಂಡರೆ ಸಾಕು, ಬೆಳೆಸುವುದು ಹಬ್ಬ ಕಳೆದ ಮೇಲೆ. ಇಪ್ಪತ್ತು ರಕಅತ್ ತರಾವೀಹ್‌ನಲ್ಲಿ ಬಗ್ಗಿ ಎದ್ದದ್ದೂ ಮೊಣಕಾಲಿಗೆ ಒಳ್ಳೆಯ ವಾರ್ಮ್ ಅಪ್. ಇದು ನನ್ನ ಸ್ವಂತ ಸಿದ್ಧಾಂತ, ಟ್ರೇನರ್ ಒಪ್ಪಿಲ್ಲ.

ಕಷ್ಟ ಆದದ್ದು ಅತ್ತಾಳ. ನಾಲ್ಕೂವರೆಗೆ ಎದ್ದು ತಿನ್ನುವುದು ಒಂದು ಶಿಕ್ಷೆ. ಮೂರು ಬೇಯಿಸಿದ ಮೊಟ್ಟೆ, ಅಂದರೆ ಹದಿನೆಂಟು ಗ್ರಾಂ ಹತ್ತಿರ ಪ್ರೋಟೀನ್. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಒಂದು ಬಾಳೆಹಣ್ಣು, ಮೊಸರು. ಉಪ್ಪಿನಕಾಯಿ ಬಿಟ್ಟೆ, ಮಧ್ಯಾಹ್ನ ಬಾಯಿ ಒಣಗುವುದು ಅದರಿಂದಲೇ. ಚಾ ಮಾತ್ರ ಬಿಡಲಿಕ್ಕಾಗಲಿಲ್ಲ, ಅರ್ಧ ಲೋಟಕ್ಕೆ ಇಳಿಸಿದೆ. ನೀರನ್ನು ಒಮ್ಮೆಲೇ ಸುರಿದುಕೊಳ್ಳದೆ, ಎರಡೂವರೆ ಲೀಟರಿನ ಲೆಕ್ಕ ಇಟ್ಟು ಇಫ್ತಾರಿನಿಂದ ಅತ್ತಾಳದವರೆಗೆ ಹಂಚಿ ಕುಡಿದೆ. ರಾತ್ರಿ ಬಿರಿಯಾನಿಯ ಜಾಗಕ್ಕೆ ಎರಡು ಪತ್ತಿರ್ (ಅಕ್ಕಿ ರೊಟ್ಟಿ), ಬಂಗುಡೆ ಸಾರು.

ಸಮೋಸದ ವಿಷಯದಲ್ಲಿ ಉಮ್ಮನ ಜೊತೆ ದಿನಾ ಚೌಕಾಸಿ. ನಾನು ಒಂದು ಅಂದರೆ ಅವರು ನಾಲ್ಕು ಬಡಿಸುವುದು. "ಇಡೀ ದಿನ ಉಪವಾಸ ಹಿಡಿದವ ಒಂದು ಸಮೋಸ ತಿಂದು ಏಳುವುದಾ? ಜನ ನೋಡಿದರೆ ಏನು ಹೇಳಿಯಾರು?" ನಮ್ಮ ಅಡುಗೆಮನೆಗೆ ಯಾವ ಜನ ಬಂದು ಎಣಿಸುತ್ತಾರೋ! ಕೊನೆಗೆ ಎರಡಕ್ಕೆ ರಾಜಿ ಆಯಿತು. ಮೂರನೆಯದನ್ನು ಅವರು ನನ್ನ ತಟ್ಟೆಗೆ ಹಾಕುವುದು, ನಾನು ಮಗನ ತಟ್ಟೆಗೆ ದಾಟಿಸುವುದು.

ಆ ವರ್ಷ ನಮಗೆ 29 ಉಪವಾಸ. ಮಾರ್ಚ್ 31ಕ್ಕೆ ಹಬ್ಬ. ಹೊಸ ಬಟ್ಟೆ ಹಾಕುವ ಮೊದಲು ತೂಕದ ಮೆಷಿನ್ ಹತ್ತಿದೆ. ರಮಝಾನಿನ ಚಂದ್ರ ಕಂಡ ರಾತ್ರಿ 79.2 ಇತ್ತು, ಈಗ 78.6. ಹೆಂಡತಿ ಬಗ್ಗಿ ನೋಡಿದಳು.

"ಆರುನೂರು ಗ್ರಾಂಗೆ ಇಷ್ಟೆಲ್ಲಾ ರಗಳೆ?"

ಹೊರಗೆ ಟ್ರೇನರಿನ ಬೈಕ್ ನಿಂತ ಸದ್ದು ಕೇಳಿಸಿತು. ಹಬ್ಬದ ಬಿರಿಯಾನಿಗೆ ನಾನೇ ಕರೆದಿದ್ದೆ. ಚಪ್ಪಲಿ ಬಿಡುತ್ತಾ ಕೈಯಲ್ಲಿದ್ದ ನೀರಿನ ಬಾಟಲಿ ನನ್ನ ಮುಂದೆ ಚಾಚಿದ.

"ಇವತ್ತಾದರೂ ಕುಡೀತೀರಲ್ವಾ?"